ಟ್ಯಾಂಪೂನ್ ಬಳಕೆ: ಮೊದಲ ಬಾರಿ ಬಳಸುವವರಿಗೆ ಮಾಹಿತಿ

ಋತುಸ್ರಾವದ ದಿನಗಳಲ್ಲಿ ಬಳಸಲಾಗುವ ಬಟ್ಟೆ ಹಾಗೂ ಪ್ಯಾಡುಗಳ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಒಂದಿಷ್ಟು ತಿಳಿವಳಿಕೆ ದೊರೆಯುತ್ತದೆ. ಆದರೆ ದೇಹದ ಒಳಗೆ ಇರಿಸಿಕೊಳ್ಳುವ ಟ್ಯಾಂಪೂನ್ ಕುರಿತು ಕನ್ನಡದಲ್ಲಿ ಲಭ್ಯವಿರುವ ಮಾಹಿತಿ ಅತ್ಯಲ್ಪ. 2019-21ರ ಅವಧಿಯಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷ ವಯಸ್ಸಿನ ಯುವತಿಯರ ಪೈಕಿ ಟ್ಯಾಂಪೂನ್ ಬಳಸುವುದಾಗಿ ತಿಳಿಸಿದವರು ದೇಶದಲ್ಲಿ ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಬಳಸುವವರೇ ವಿರಳವಾಗಿರುವುದರಿಂದ ತಾಯಿಯಾಗಲಿ, ಅಕ್ಕನಾಗಲಿ, ಅತ್ತಿಗೆಯಾಗಲಿ ಹೇಳಿಕೊಡುವ ಸಂದರ್ಭ ಒದಗುವುದಿಲ್ಲ. ಪೆಟ್ಟಿಗೆಯೊಳಗೆ ಇರಿಸಿರುವ ವಿವರಣೆಯ ಹಾಳೆಯು ಸಾಮಾನ್ಯವಾಗಿ ಸಣ್ಣ ಅಕ್ಷರಗಳ ಇಂಗ್ಲಿಷಿನಲ್ಲಿರುತ್ತದೆ.

ಈಜು ಕಲಿಯುತ್ತಿರುವ ವಿದ್ಯಾರ್ಥಿನಿಯರು, ಕಬಡ್ಡಿ, ಅಥ್ಲೆಟಿಕ್ಸ್ ಮುಂತಾದ ಕ್ರೀಡೆಗಳಲ್ಲಿ ತೊಡಗಿರುವವರು, ಪ್ಯಾಡಿನ ತೇವ ಮತ್ತು ಉಜ್ಜುವಿಕೆಯಿಂದ ತೊಡೆಯ ಸಂದಿಯಲ್ಲಿ ಹುಣ್ಣಾಗುವವರು ಟ್ಯಾಂಪೂನ್ ಬಗ್ಗೆ ವಿಚಾರಿಸುವುದುಂಟು. ಅಂಥವರ ಉಪಯೋಗಕ್ಕಾಗಿ ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಇದನ್ನು ಬರೆಯುತ್ತಿರುವ ಶಾಖಾಧಿಕಾರಿಯು ವಾಣಿಜ್ಯ ಪದವೀಧರೆಯೇ ಹೊರತು ವೈದ್ಯೆಯಲ್ಲ. ಆದುದರಿಂದ ಇಲ್ಲಿನ ವಿವರಗಳು ಸಾಮಾನ್ಯ ಮಾಹಿತಿಯಾಗಿದ್ದು, ತೊಂದರೆ ಇರುವವರು ವೈದ್ಯರನ್ನೇ ಕಾಣತಕ್ಕದ್ದು. ಆದಾಗ್ಯೂ ಲೆಕ್ಕಪತ್ರದ ಒಂದು ಸರಳ ನಿಯಮ ಈ ವಿಷಯಕ್ಕೂ ಅನ್ವಯಿಸುತ್ತದೆ ಎಂಬುದನ್ನು ಪ್ರಾರಂಭದಲ್ಲಿಯೇ ತಿಳಿಸುವುದು ಸೂಕ್ತ. ಒಳಗೆ ಹೋದ ಪ್ರತಿಯೊಂದಕ್ಕೂ ಹೊರಗೆ ಬಂದ ಲೆಕ್ಕ ತಾಳೆಯಾಗಬೇಕು, ಅದೂ ಎಂಟು ಗಂಟೆಗಳ ಒಳಗಾಗಿ. ಟ್ಯಾಂಪೂನನ್ನು ಒಳಸೇರಿಸುವ ಕ್ರಮ ಎರಡು ಮೂರು ಪ್ರಯತ್ನಗಳಲ್ಲಿ ಕೈಗೆ ಹತ್ತುತ್ತದೆ. ಸಮಯಕ್ಕೆ ಸರಿಯಾಗಿ ಹೊರತೆಗೆಯುವ ಶಿಸ್ತು ಮಾತ್ರ ಪ್ರತಿ ಬಾರಿಯೂ ಬೇಕಾಗುತ್ತದೆ.

ಟ್ಯಾಂಪೂನ್ ಎಂದರೇನು?

ಹತ್ತಿ ಅಥವಾ ರೇಯಾನ್ ನಾರನ್ನು, ಇಲ್ಲವೇ ಇವೆರಡರ ಮಿಶ್ರಣವನ್ನು ಬಿಗಿಯಾಗಿ ಒತ್ತಿ ತಯಾರಿಸಿದ, ಹೆಚ್ಚುಕಡಿಮೆ ಬೆರಳಿನ ದಪ್ಪದ ಸಣ್ಣ ಸುರುಳಿಯೇ ಟ್ಯಾಂಪೂನ್. ಅದರ ಬುಡಕ್ಕೆ ಗಟ್ಟಿಯಾದ ಒಂದು ದಾರವನ್ನು ಜೋಡಿಸಲಾಗಿರುತ್ತದೆ. ಪ್ಯಾಡು ದೇಹದಿಂದ ಹೊರಬಂದ ಸ್ರಾವವನ್ನು ಹೀರಿಕೊಂಡರೆ, ಟ್ಯಾಂಪೂನ್ ಯೋನಿಮಾರ್ಗದ ಒಳಗಿದ್ದು ಸ್ರಾವವನ್ನು ಅಲ್ಲಿಯೇ ಹೀರಿಕೊಂಡು ಹಿಗ್ಗುತ್ತದೆ. ದಾರವು ದೇಹದ ಹೊರಗೆ ಇಳಿಬಿದ್ದಿರುತ್ತದೆ. ತೆಗೆಯುವಾಗ ಆ ದಾರವನ್ನೇ ಎಳೆಯಬೇಕು.

ಇದರಲ್ಲಿ ಎರಡು ಬಗೆ. ಒಂದು, ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯ ಸಹಾಯದಿಂದ ಒಳಸೇರಿಸುವಂಥದ್ದು. ಅಮೆರಿಕದ ಕೊಲರಾಡೋ ರಾಜ್ಯದ ವೈದ್ಯ ಅರ್ಲ್ ಹಾಸ್ ಅವರಿಗೆ ಈ ಬಗೆಯ ಟ್ಯಾಂಪೂನಿಗಾಗಿ 1933ರಲ್ಲಿ ಪೇಟೆಂಟ್ ದೊರೆಯಿತು. ಇನ್ನೊಂದು, ಕೊಳವೆಯಿಲ್ಲದೆ ಬೆರಳಿನಿಂದಲೇ ಒಳಸೇರಿಸುವಂಥದ್ದು. ಇದರ ವಿನ್ಯಾಸ ಜರ್ಮನಿಯ ಸ್ತ್ರೀರೋಗ ತಜ್ಞೆ ಜುಡಿತ್ ಎಸ್ಸರ್ ಅವರದು. ಭಾರತದ ಅಂಗಡಿಗಳಲ್ಲಿ ಎರಡನೆಯ ಬಗೆ ಬಹುಕಾಲದಿಂದ ಕಾಣಸಿಗುತ್ತದೆ. ಎಲ್ಲ ಊರುಗಳ ಔಷಧಿ ಅಂಗಡಿಗಳಲ್ಲಿಯೂ ಟ್ಯಾಂಪೂನ್ ಸಿಗುವುದಿಲ್ಲವಾದ್ದರಿಂದ ಮುಟ್ಟಿನ ದಿನಾಂಕಕ್ಕೆ ಮುಂಚಿತವಾಗಿಯೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು.

ತೆರಿಗೆಯ ಬಗ್ಗೆಯೂ ಒಂದು ಮಾತು. ವಾಣಿಜ್ಯ ಓದಿದವರಿಗೆ ಬಿಲ್ಲನ್ನು ಕೊನೆಯ ಸಾಲಿನವರೆಗೆ ನೋಡುವ ಅಭ್ಯಾಸವಿರುತ್ತದೆ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಸ್ಯಾನಿಟರಿ ಪ್ಯಾಡು ಮತ್ತು ಟ್ಯಾಂಪೂನುಗಳ ಮೇಲೆ ಶೇಕಡ 12ರ ತೆರಿಗೆ ಇತ್ತು. ಮರು ವರ್ಷ, ಅಂದರೆ 2018ರ ಜುಲೈನಲ್ಲಿ, ಇವೆರಡನ್ನೂ ತೆರಿಗೆಯಿಂದ ಮುಕ್ತಗೊಳಿಸಲಾಯಿತು. ಬಿಲ್ಲಿನಲ್ಲಿ ಟ್ಯಾಂಪೂನಿನ ಮುಂದೆ ಈ ತೆರಿಗೆ ನಮೂದಾಗಿದ್ದಲ್ಲಿ ಅಂಗಡಿಯವರನ್ನು ಸಂಕೋಚವಿಲ್ಲದೆ ಕೇಳಬಹುದು.

ಮೊದಲು ಎದುರಾಗುವ ಎರಡು ಭಯಗಳು

ಟ್ಯಾಂಪೂನಿನ ವಿಷಯ ಬಂದೊಡನೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, ಮದುವೆಯಾಗದ ಹುಡುಗಿ ಇದನ್ನು ಬಳಸಬಹುದೇ ಎಂಬುದು. ಬಳಸಬಹುದು. ಕನ್ಯಾಪೊರೆ ಎಂದು ಕರೆಯಲಾಗುವ ಭಾಗವು ಹೆಸರೇ ಸೂಚಿಸುವಂತೆ ಮುಚ್ಚಿದ ಪೊರೆಯಾಗಿರುವುದಿಲ್ಲ. ಅದು ಯೋನಿದ್ವಾರದ ಅಂಚಿನಲ್ಲಿರುವ, ಹಿಗ್ಗುವ ಗುಣವುಳ್ಳ ತೆಳುವಾದ ಮಡಿಕೆ. ನಡುವೆ ತೆರಪು ಇರುವುದರಿಂದಲೇ ಮುಟ್ಟಿನ ಸ್ರಾವ ಹೊರಬರಲು ಸಾಧ್ಯವಾಗುತ್ತದೆ. ಅದರ ಆಕಾರ, ಅಗಲ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ. ಆಟೋಟಗಳಿಂದಲೂ ವಯಸ್ಸಿನಿಂದಲೂ ಅದು ಬದಲಾಗುತ್ತದೆ. ಟ್ಯಾಂಪೂನ್ ಬಳಕೆಯಿಂದ ಅದು ಒಂದಿಷ್ಟು ಹಿಗ್ಗಬಹುದು, ಕೆಲವೊಮ್ಮೆ ಅಂಚಿನಲ್ಲಿ ಸಣ್ಣಗೆ ಹರಿಯಲೂಬಹುದು. ಆದರೆ ಅದನ್ನು ನೋಡಿ ಒಬ್ಬ ಹೆಣ್ಣುಮಗಳು ಲೈಂಗಿಕ ಸಂಪರ್ಕ ಹೊಂದಿದ್ದಾಳೆಯೇ ಇಲ್ಲವೇ ಎಂದು ಹೇಳುವುದು ಯಾವ ವೈದ್ಯರಿಂದಲೂ ಸಾಧ್ಯವಿಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ವಿಶ್ವಸಂಸ್ಥೆಯ ಇತರ ಸಂಸ್ಥೆಗಳೊಡನೆ ಸೇರಿ ಸ್ಪಷ್ಟಪಡಿಸಿದೆ. ಅತ್ಯಾಚಾರ ಪ್ರಕರಣಗಳಲ್ಲಿ ನಡೆಸಲಾಗುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಮಗಳು ಟ್ಯಾಂಪೂನ್ ಬಳಸಿದರೆ ಏನೋ ಕಳೆದುಹೋಗುತ್ತದೆ ಎಂದು ಆತಂಕಪಡುವ ತಾಯಂದಿರು ಈ ಮಾತುಗಳನ್ನು ಗಮನಿಸಬೇಕಾಗಿ ಕೋರಿದೆ.

ಎರಡನೆಯ ಭಯ, ಅದು ಒಳಗೇ ಎಲ್ಲಿಯಾದರೂ ಹೋಗಿಬಿಟ್ಟರೆ ಎಂಬುದು. ಹಾಗಾಗಲು ದಾರಿಯಿಲ್ಲ. ಯೋನಿಮಾರ್ಗದ ಮೇಲ್ತುದಿಯಲ್ಲಿ ಗರ್ಭಕೋಶದ ಕೊರಳು ಇರುತ್ತದೆ. ಅದರ ದ್ವಾರವು ಮುಟ್ಟಿನ ರಕ್ತ ಇಳಿದುಬರಲು ಸಾಕಾಗುವಷ್ಟು ಮಾತ್ರ ಕಿರಿದಾಗಿದ್ದು, ಟ್ಯಾಂಪೂನ್ ಅದನ್ನು ದಾಟಿ ಹೊಟ್ಟೆಯೊಳಗೆ ಹೋಗುವುದು ಅಸಾಧ್ಯ. ಮೂತ್ರದ್ವಾರವು ಬೇರೆಯೇ ಆಗಿರುವುದರಿಂದ ಟ್ಯಾಂಪೂನ್ ಇರುವಾಗ ಮೂತ್ರ ವಿಸರ್ಜನೆಗೂ ಅಡ್ಡಿಯಿಲ್ಲ. ದಾರವು ನೆನೆಯದಂತೆ ಒಂದು ಪಕ್ಕಕ್ಕೆ ಸರಿಸಿ ಹಿಡಿದರೆ ಸಾಕು.

ಅಳತೆಯ ಆಯ್ಕೆ

ಪೆಟ್ಟಿಗೆಯ ಮೇಲಿನ ಹನಿಗಳ ಚಿತ್ರವು ಟ್ಯಾಂಪೂನ್ ಎಷ್ಟು ದ್ರವವನ್ನು ಹೀರಬಲ್ಲದು ಎಂಬುದನ್ನು ಸೂಚಿಸುತ್ತದೆಯೇ ಹೊರತು ವಯಸ್ಸನ್ನಾಗಲಿ ದೇಹದ ಗಾತ್ರವನ್ನಾಗಲಿ ಅಲ್ಲ. ಒಂದು ಹನಿಯದು 6 ಗ್ರಾಂಗಿಂತ ಕಡಿಮೆ, ಎರಡು ಹನಿಯದು 6ರಿಂದ 9 ಗ್ರಾಂ, ಮೂರು ಹನಿಯದು 9ರಿಂದ 12 ಗ್ರಾಂ ಹೀಗೆ ಏರುತ್ತಾ ಹೋಗುತ್ತದೆ. ಹೊಸಬರು ದೊಡ್ಡದನ್ನು ತೆಗೆದುಕೊಂಡರೆ ಹೆಚ್ಚು ಹೊತ್ತು ನಿಶ್ಚಿಂತೆಯಿಂದಿರಬಹುದೆಂದು ಭಾವಿಸುವುದು ಸಹಜ. ಇದು ತಪ್ಪು ಲೆಕ್ಕ. ಸಾಮಾನ್ಯವಾಗಿ ಒಂದು ಇಡೀ ಮುಟ್ಟಿನ ಅವಧಿಯಲ್ಲಿ ಹೋಗುವ ರಕ್ತವು ಸುಮಾರು 30ರಿಂದ 40 ಮಿಲಿಲೀಟರ್ ಮಾತ್ರ. 80 ಮಿಲಿಲೀಟರ್ ಮೀರಿದರೆ ಅದನ್ನು ಅಧಿಕ ರಕ್ತಸ್ರಾವವೆಂದು ಪರಿಗಣಿಸಲಾಗುತ್ತದೆ. ಈ ಮೊತ್ತವನ್ನು ನಾಲ್ಕೈದು ದಿನಗಳಿಗೆ ಹಂಚಿ ನೋಡಿದರೆ, ಹೆಚ್ಚಿನವರಿಗೆ ಚಿಕ್ಕ ಅಳತೆಯದೇ ಸಾಕಾಗುತ್ತದೆ ಎಂಬುದು ತಿಳಿಯುತ್ತದೆ. ಸ್ರಾವಕ್ಕಿಂತ ದೊಡ್ಡದಾದ ಟ್ಯಾಂಪೂನ್ ಯೋನಿಯ ಸಹಜವಾದ ತೇವವನ್ನೂ ಹೀರಿ ಒಣಗಿಸುತ್ತದೆ, ತೆಗೆಯುವಾಗ ನೋಯಿಸುತ್ತದೆ, ಮತ್ತು ಮುಂದೆ ವಿವರಿಸಲಾಗುವ ಅಪಾಯವನ್ನೂ ಹೆಚ್ಚಿಸುತ್ತದೆ. ನಾಲ್ಕು ಗಂಟೆಗಳ ನಂತರ ತೆಗೆದಾಗ ಅಲ್ಲಲ್ಲಿ ಇನ್ನೂ ಬಿಳಿಯಾಗಿಯೇ ಉಳಿದಿದ್ದರೆ ಮುಂದಿನ ಬಾರಿ ಒಂದು ಅಳತೆ ಕೆಳಗಿನದನ್ನು ಬಳಸತಕ್ಕದ್ದು. ಒಂದೆರಡು ಗಂಟೆಗಳಲ್ಲಿಯೇ ಪೂರ್ತಿ ತೊಯ್ದು ಸೋರುವುದು ಪದೇ ಪದೇ ಆಗುತ್ತಿದ್ದರೆ ಅಳತೆಯನ್ನು ಹೆಚ್ಚಿಸುವುದಷ್ಟೇ ಪರಿಹಾರವಲ್ಲ, ರಕ್ತಹೀನತೆಯ ಪರೀಕ್ಷೆಗಾಗಿ ವೈದ್ಯರನ್ನು ಕಾಣುವುದು ಅಗತ್ಯ.

ಮೊದಲ ಪ್ರಯತ್ನ

ಮೊದಲ ಬಾರಿಗೆ ಸ್ರಾವ ಚೆನ್ನಾಗಿರುವ ದಿನವನ್ನೇ ಆರಿಸಿಕೊಳ್ಳಬೇಕು. ಅನೇಕರಿಗೆ ಅದು ಎರಡನೆಯ ದಿನ. ಮುಟ್ಟಿಲ್ಲದ ದಿನಗಳಲ್ಲಿ ಅಭ್ಯಾಸಕ್ಕೆಂದು ಪ್ರಯತ್ನಿಸಬಾರದು. ಒಣಗಿದ ಮಾರ್ಗದಲ್ಲಿ ಹತ್ತಿ ಅಂಟಿಕೊಂಡು ನೋವಾಗುತ್ತದೆ. ಮನೆಯಲ್ಲಿ, ಬಾಗಿಲು ಬಡಿಯುವವರಿಲ್ಲದ ಹೊತ್ತಿನಲ್ಲಿ, ಕಾಲು ಗಂಟೆಯ ಬಿಡುವು ಮಾಡಿಕೊಂಡು ಕುಳಿತರೆ ಒಳಿತು. ಸ್ಪರ್ಧೆಯ ದಿನ ಬೆಳಿಗ್ಗೆ, ಕ್ರೀಡಾಂಗಣದ ಶೌಚಾಲಯದಲ್ಲಿ, ಹೊರಗೆ ಗೆಳತಿಯರು ಕೂಗುತ್ತಿರುವಾಗ ಮೊದಲ ಪ್ರಯತ್ನ ಮಾಡುವುದು ಬೇಡ.

ಕೈಗಳನ್ನು ಸೋಪು ಹಾಕಿ ತೊಳೆದು ಒರೆಸಿಕೊಳ್ಳಬೇಕು. ಹೊರತೆಗೆದ ನಂತರ ತೊಳೆಯುವುದನ್ನು ಎಲ್ಲರೂ ಮಾಡುತ್ತಾರೆ. ಒಳಸೇರಿಸುವ ಮೊದಲು ತೊಳೆಯುವುದೇ ಹೆಚ್ಚು ಮುಖ್ಯ. ಉದ್ದನೆಯ ಉಗುರುಗಳಿದ್ದರೆ ಕತ್ತರಿಸಿಕೊಳ್ಳುವುದು ಒಳ್ಳೆಯದು. ಹೊದಿಕೆ ಹರಿದಿರುವ, ತೇವ ತಗುಲಿರುವ ಅಥವಾ ಅವಧಿ ಮೀರಿದ ಟ್ಯಾಂಪೂನನ್ನು ಬಳಸಕೂಡದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಸ್ನಾನದ ಮನೆಯ ಗೂಡಿನಲ್ಲಿಟ್ಟ ಪೆಟ್ಟಿಗೆ ಬೂಷ್ಟು ಹಿಡಿಯುವ ಸಂಭವವಿರುವುದರಿಂದ ಒಣಗಿದ ಬೀರುವಿನಲ್ಲಿ ಇಡುವುದು ಲೇಸು.

ಯೋನಿದ್ವಾರ ಎಲ್ಲಿದೆ ಎಂಬುದೇ ಹಲವರಿಗೆ ಖಚಿತವಿರುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೆ. ಮುಂದುಗಡೆ ಮೂತ್ರದ್ವಾರ, ಹಿಂದುಗಡೆ ಗುದದ್ವಾರ, ಇವೆರಡರ ನಡುವೆ ಯೋನಿದ್ವಾರ. ಸಣ್ಣ ಕನ್ನಡಿಯೊಂದನ್ನು ಹಿಡಿದು ಒಮ್ಮೆ ನೋಡಿಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ನಂತರ ಅನುಕೂಲವಾದ ಭಂಗಿ. ಪೆಟ್ಟಿಗೆಯ ಹಾಳೆಗಳಲ್ಲಿ ಕಮೋಡಿನ ಮೇಲೆ ಕುಳಿತ ಅಥವಾ ಒಂದು ಕಾಲನ್ನು ಮೇಲಕ್ಕಿಟ್ಟು ನಿಂತ ಚಿತ್ರವಿರುತ್ತದೆ. ನಮ್ಮಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸ ಇರುವುದರಿಂದ ಆ ಭಂಗಿಯೇ ಅನೇಕರಿಗೆ ಸುಲಭವಾಗುತ್ತದೆ. ಕೂತಾಗ ಯೋನಿಮಾರ್ಗ ತುಸು ಗಿಡ್ಡವಾಗಿ, ದ್ವಾರ ತೆರೆದುಕೊಳ್ಳುತ್ತದೆ.

ಬೆರಳಿನಿಂದ ಸೇರಿಸುವ ಬಗೆಯದಾದರೆ, ಹೊದಿಕೆಯನ್ನು ಬಿಚ್ಚಿ, ದಾರವನ್ನು ಉದ್ದಕ್ಕೆ ಬಿಡಿಸಿ, ಒಮ್ಮೆ ಎಳೆದು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು. ತೋರುಬೆರಳಿನ ತುದಿಯನ್ನು ಟ್ಯಾಂಪೂನಿನ ಬುಡಕ್ಕೆ ಒತ್ತಿ ಸಣ್ಣ ಗುಳಿ ಮಾಡಿಕೊಂಡರೆ ಬೆರಳು ಜಾರುವುದಿಲ್ಲ. ಇನ್ನೊಂದು ಕೈಯಿಂದ ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ದುಂಡಗಿನ ತುದಿಯನ್ನು ದ್ವಾರಕ್ಕೆ ಇರಿಸಿ, ನಿಧಾನವಾಗಿ ತಳ್ಳಬೇಕು. ದಿಕ್ಕಿನ ವಿಷಯದಲ್ಲಿಯೇ ಹೆಚ್ಚಿನವರು ಎಡವುವುದು. ನೇರವಾಗಿ ಮೇಲಕ್ಕೆ ತಳ್ಳಿದರೆ ಗೋಡೆಗೆ ತಾಗಿ ನಿಲ್ಲುತ್ತದೆ. ಯೋನಿಮಾರ್ಗವು ಹಿಂದಕ್ಕೆ ವಾಲಿಕೊಂಡಿರುವುದರಿಂದ ಬೆನ್ನಿನ ಕೆಳಭಾಗದ ಕಡೆಗೆ, ಅಂದರೆ ಓರೆಯಾಗಿ ಮೇಲಕ್ಕೂ ಹಿಂದಕ್ಕೂ ತಳ್ಳಬೇಕು. ಬೆರಳು ಸುಮಾರು ನಡುಗಿಣ್ಣಿನವರೆಗೆ ಒಳಹೋದಾಗ ಟ್ಯಾಂಪೂನ್ ತನ್ನ ಜಾಗ ಸೇರಿರುತ್ತದೆ.

ಕೊಳವೆ ಇರುವ ಬಗೆಯದರಲ್ಲಿ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿರುತ್ತವೆ. ಹೊರಗಿನ ಕೊಳವೆಯನ್ನು ಬೆರಳುಗಳು ಮೈಗೆ ತಾಗುವವರೆಗೆ ಅದೇ ಓರೆಯಲ್ಲಿ ಒಳಸೇರಿಸಿ, ಒಳಗಿನ ಕೊಳವೆಯನ್ನು ತೋರುಬೆರಳಿನಿಂದ ಒತ್ತಿದರೆ ಟ್ಯಾಂಪೂನ್ ಮುಂದಕ್ಕೆ ಸರಿಯುತ್ತದೆ. ಆಮೇಲೆ ಎರಡೂ ಕೊಳವೆಗಳನ್ನು ಹೊರತೆಗೆಯಲೇಬೇಕು. ಒಳಗೆ ಉಳಿಯತಕ್ಕದ್ದು ಟ್ಯಾಂಪೂನ್ ಮಾತ್ರ.

ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದು ಸುಲಭ. ಎದ್ದು ನಾಲ್ಕು ಹೆಜ್ಜೆ ನಡೆದಾಗ ಅದು ಇರುವುದೇ ಗೊತ್ತಾಗಬಾರದು. ಚುಚ್ಚಿದಂತೆ, ಜಾರಿ ಬರುತ್ತಿರುವಂತೆ ಅನಿಸಿದರೆ ದ್ವಾರದ ಹತ್ತಿರದಲ್ಲಿಯೇ ನಿಂತಿದೆ ಎಂದರ್ಥ. ಇನ್ನೂ ಸ್ವಲ್ಪ ಒಳಕ್ಕೆ ಸರಿಸಬಹುದು. ಸಾಧ್ಯವಾಗದಿದ್ದರೆ ಅದನ್ನು ತೆಗೆದು ಹೊಸದೊಂದನ್ನು ಬಳಸಬೇಕು. ತೆಗೆದದ್ದನ್ನೇ ತಿರುಗಿ ಸೇರಿಸಕೂಡದು.

ಹೆದರಿದಾಗ ಯೋನಿಯ ಸುತ್ತಲಿನ ಸ್ನಾಯುಗಳು ತಮಗೆ ತಾವೇ ಬಿಗಿಯುತ್ತವೆ. ಬಿಗಿದಷ್ಟೂ ನೋವು, ನೋವಾದಷ್ಟೂ ಹೆದರಿಕೆ. ಈ ಲೇಖಕಿಯ ಮೊದಲ ಎರಡು ಟ್ಯಾಂಪೂನುಗಳು ಈ ಕಾರಣದಿಂದಲೇ ಕಸದ ಬುಟ್ಟಿ ಸೇರಿದವು. ಮೂರನೆಯ ಸಲ, ಉಸಿರನ್ನು ಹೊರಬಿಡುತ್ತಾ ತಳ್ಳಬೇಕೆಂದು ತಿಳಿದ ಮೇಲೆ, ಇಷ್ಟೇ ಸುಲಭವೇ ಎಂದು ಆಶ್ಚರ್ಯವಾಯಿತು. ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡುವಾಗ ಆ ಸ್ನಾಯುಗಳು ಸಡಿಲಗೊಳ್ಳುತ್ತವೆ. ತುದಿಗೆ ನೀರಿನಲ್ಲಿ ಕರಗುವ ಜೆಲ್ಲಿಯನ್ನು ಸ್ವಲ್ಪ ಸವರಿಕೊಳ್ಳಲೂಬಹುದು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಮುಂತಾದವು ಬೇಡ. ಅಂದು ಆಗಲಿಲ್ಲವೆಂದರೆ ಪ್ಯಾಡು ಇದ್ದೇ ಇದೆ. ಬಲವಂತ ಮಾಡಿಕೊಳ್ಳಬಾರದು.

ಹಲವು ತಿಂಗಳು ಪ್ರಯತ್ನಿಸಿದರೂ ಒಳಹೋಗದಿದ್ದರೆ, ಅಥವಾ ಒಳಹೋಗಿ ಹೊರಬರುವಾಗ ಏನೋ ಅಡ್ಡ ಸಿಕ್ಕಿದಂತೆ ತೀವ್ರ ನೋವಾದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಕೆಲವರಲ್ಲಿ ಕನ್ಯಾಪೊರೆಯ ತೆರಪು ಬಹಳ ಕಿರಿದಾಗಿರುತ್ತದೆ, ಕೆಲವರಲ್ಲಿ ನಡುವೆ ಅಡ್ಡಪಟ್ಟಿ ಇರುತ್ತದೆ. ಸಣ್ಣ ಚಿಕಿತ್ಸೆಯಿಂದ ಇದು ಸರಿಹೋಗುತ್ತದೆ. ಇಂಥ ತೊಂದರೆ ಹೇಳಿಕೊಂಡು ಹೋದ ಪರಿಚಯದ ಹುಡುಗಿಯೊಬ್ಬಳಿಗೆ ಚಿಕಿತ್ಸಾಲಯವೊಂದರಲ್ಲಿ, ಮದುವೆಯಾಗದೆ ಇದೆಲ್ಲ ಏಕೆ ಬೇಕು ಎಂಬ ಉತ್ತರ ದೊರೆಯಿತು. ಅದು ಉತ್ತರವಲ್ಲ. ಬೇರೊಬ್ಬ ವೈದ್ಯರ ಬಳಿ ಹೋಗುವ ಹಕ್ಕು ಎಲ್ಲರಿಗೂ ಇದೆ, ಆಕೆಯೂ ಹಾಗೆಯೇ ಮಾಡಿದಳು.

ಹೊರತೆಗೆಯುವ ಕ್ರಮ

ಕೈ ತೊಳೆದು, ಸೇರಿಸಿದಾಗಿನ ಭಂಗಿಯಲ್ಲಿಯೇ ಕುಳಿತು, ದಾರವನ್ನು ಅದೇ ಓರೆಯಲ್ಲಿ, ಅಂದರೆ ಕೆಳಕ್ಕೂ ಮುಂದಕ್ಕೂ ಒಂದೇ ಸಮನಾಗಿ ಎಳೆಯಬೇಕು. ಜಗ್ಗಬಾರದು.

ದಾರ ಕೈಗೆ ಸಿಗದಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಮಲವಿಸರ್ಜನೆಗೆ ಮುಕ್ಕುವಂತೆ ಒಂದೆರಡು ಬಾರಿ ಮುಕ್ಕಿದರೆ ಟ್ಯಾಂಪೂನ್ ಕೆಳಗಿಳಿಯುತ್ತದೆ. ಸ್ವಚ್ಛವಾದ ಬೆರಳಿನಿಂದ ಸುತ್ತ ತಡಕಿದರೆ ದಾರವೋ ಬುಡವೋ ಸಿಗುತ್ತದೆ. ಆದರೂ ಸಿಗಲಿಲ್ಲವೆಂದರೆ ಚಿಮುಟ ಮೊದಲಾದವುಗಳಿಂದ ಪ್ರಯತ್ನಿಸದೆ ಅದೇ ದಿನ ವೈದ್ಯರ ಬಳಿ ಹೋಗತಕ್ಕದ್ದು. ಅವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಸಂಕೋಚದಿಂದ ನಾಳೆಗೆ ಮುಂದೂಡುವುದೇ ಅಪಾಯಕಾರಿ.

ಮುಟ್ಟಿನ ಕೊನೆಯ ದಿನ ಹಾಕಿಕೊಂಡ ಟ್ಯಾಂಪೂನ್ ಮರೆತುಹೋಗುವುದುಂಟು. ಹಳೆಯದು ಒಳಗಿರುವಾಗಲೇ ಇನ್ನೊಂದನ್ನು ಸೇರಿಸುವುದೂ ಉಂಟು. ಕೆಲವು ದಿನಗಳ ನಂತರ ಕೆಟ್ಟ ವಾಸನೆ, ಕಂದು ಬಣ್ಣದ ಸ್ರಾವ, ಕೆಳಹೊಟ್ಟೆ ನೋವು ಕಾಣಿಸಿಕೊಂಡಲ್ಲಿ ಇದನ್ನು ಶಂಕಿಸಬೇಕು. ಇದಕ್ಕಾಗಿ ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳುವುದು, ಅಥವಾ ಡೈರಿಯ ಮೂಲೆಯಲ್ಲಿ ಹಾಕಿದ ಹೊತ್ತು ಬರೆದು ತೆಗೆದ ಮೇಲೆ ಅದರ ಮುಂದೆ ಗುರುತು ಹಾಕುವುದು ಉಪಯುಕ್ತ. ಗುರುತಿಲ್ಲದ ಸಾಲು ಉಳಿದಿದ್ದರೆ ಲೆಕ್ಕ ಮುಗಿದಿಲ್ಲ ಎಂದರ್ಥ.

ಎಂಟು ಗಂಟೆಯ ಮಿತಿ ಏಕೆ?

ಟ್ಯಾಂಪೂನನ್ನು ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬದಲಾಯಿಸುವುದು ಉತ್ತಮ. ಎಂಟು ಗಂಟೆ ಎಂಬುದು ಮೀರಬಾರದ ಗಡಿ. ಈ ನಿಯಮದ ಹಿಂದೆ ನೋವಿನ ಚರಿತ್ರೆಯೊಂದಿದೆ.

1978ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಮತ್ತು ಅವರ ಸಹೋದ್ಯೋಗಿಗಳು ಏಳು ಮಕ್ಕಳಲ್ಲಿ ಕಂಡ ವಿಚಿತ್ರ ಕಾಯಿಲೆಯೊಂದನ್ನು ವರದಿ ಮಾಡಿ ಅದಕ್ಕೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಹಠಾತ್ತನೆ ಜ್ವರ, ಮೈಮೇಲೆ ಕೆಂಪು, ರಕ್ತದೊತ್ತಡದ ಕುಸಿತ ಅದರ ಲಕ್ಷಣಗಳಾಗಿದ್ದವು. ಎರಡು ವರ್ಷಗಳ ನಂತರ, 1980ರಲ್ಲಿ, ಆ ದೇಶದ ನೂರಾರು ಯುವತಿಯರು ಮುಟ್ಟಿನ ದಿನಗಳಲ್ಲಿಯೇ ಇದೇ ಕಾಯಿಲೆಗೆ ತುತ್ತಾದರು. ಹಲವರು ಮೃತಪಟ್ಟರು. ತನಿಖೆ ನಡೆಸಿದಾಗ ಅತಿಯಾಗಿ ಹೀರುವ ಟ್ಯಾಂಪೂನುಗಳ ಬಳಕೆಗೂ ಕಾಯಿಲೆಗೂ ಸಂಬಂಧ ಕಂಡುಬಂದಿತು. ಸ್ಪಂಜಿನಂತಹ ಕೃತಕ ವಸ್ತುಗಳಿಂದ ತಯಾರಿಸಿದ್ದ ರಿಲೈ ಎಂಬ ಟ್ಯಾಂಪೂನನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಪೆಟ್ಟಿಗೆಯ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ ಅಲ್ಲಿ 1982ರಲ್ಲಿ ಬಂದಿತು. ಹೀರುವ ಸಾಮರ್ಥ್ಯವನ್ನು ಗ್ರಾಂಗಳ ಲೆಕ್ಕದಲ್ಲಿ ಎಲ್ಲ ತಯಾರಕರೂ ಒಂದೇ ರೀತಿ ನಮೂದಿಸುವ ಕ್ರಮ 1990ರಿಂದ ಜಾರಿಯಾಯಿತು.

ಈ ಕಾಯಿಲೆಗೆ ಟ್ಯಾಂಪೂನೇ ನೇರ ಕಾರಣವಲ್ಲ. ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅನೇಕರ ಮೂಗಿನಲ್ಲಿ, ಚರ್ಮದ ಮೇಲೆ, ಕೆಲವರ ಯೋನಿಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ರಕ್ತ ಹೀರಿದ ಹತ್ತಿ ಬಹಳ ಹೊತ್ತು ಒಳಗೇ ಉಳಿದಾಗ ಅದರ ಕೆಲವು ತಳಿಗಳು ವಿಷವನ್ನು ಉತ್ಪತ್ತಿ ಮಾಡುತ್ತವೆ. ಆ ವಿಷ ರಕ್ತಕ್ಕೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಸ್ಥಿತಿ ಗಂಭೀರವಾಗಬಹುದು. ವಯಸ್ಕರಲ್ಲಿ ಹೆಚ್ಚಿನವರಿಗೆ ಈ ವಿಷದ ವಿರುದ್ಧ ಪ್ರತಿರೋಧ ಶಕ್ತಿ ಬೆಳೆದಿರುತ್ತದೆ. ಹದಿಹರೆಯದವರಲ್ಲಿ ಅದು ಇನ್ನೂ ಬೆಳೆಯದೆ ಇರಬಹುದಾದ್ದರಿಂದ ಅವರು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಇಂದು ಈ ಕಾಯಿಲೆ ಅತಿ ವಿರಳ. ಹಾಗೆಂದು ಅದನ್ನು ಮರೆಯುವಂತಿಲ್ಲ.

ಟ್ಯಾಂಪೂನ್ ಬಳಸುತ್ತಿರುವಾಗ ಅಥವಾ ಬಳಸಿದ ಒಂದೆರಡು ದಿನಗಳಲ್ಲಿ ಹಠಾತ್ತನೆ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ವಾಂತಿ, ಭೇದಿ, ಬಿಸಿಲಿಗೆ ಸುಟ್ಟಂತಹ ಕೆಂಪು ದದ್ದು, ಮೈಕೈ ನೋವು, ಎದ್ದು ನಿಂತಾಗ ತಲೆಸುತ್ತು ಅಥವಾ ಮೂರ್ಛೆ ಇವುಗಳಲ್ಲಿ ಕೆಲವು ಒಟ್ಟಾಗಿ ಕಂಡುಬಂದರೆ ಕೂಡಲೇ ಟ್ಯಾಂಪೂನನ್ನು ತೆಗೆದುಹಾಕಿ ಆಸ್ಪತ್ರೆಗೆ ಹೋಗಬೇಕು. ಅಗತ್ಯವಿದ್ದಲ್ಲಿ 108 ಆಂಬುಲೆನ್ಸ್ ಕರೆಯಬೇಕು. ಇಂಥ ಜ್ವರವನ್ನು ನಮ್ಮ ಕಡೆ ಡೆಂಗಿ ಎಂದೋ, ಹೊಟ್ಟೆ ಕೆಟ್ಟಿದೆ ಎಂದೋ ಭಾವಿಸುವ ಸಂಭವ ಹೆಚ್ಚು. ಆದುದರಿಂದ ಟ್ಯಾಂಪೂನ್ ಬಳಸುತ್ತಿದ್ದೆ ಎಂಬ ಮಾತನ್ನು ರೋಗಿಯೇ, ಇಲ್ಲವೇ ಜೊತೆಯಲ್ಲಿ ಬಂದವರು, ವೈದ್ಯರಿಗೆ ಮೊದಲೇ ತಿಳಿಸಬೇಕು. ವಿದ್ಯಾರ್ಥಿನಿಲಯಗಳಲ್ಲಿ ಇರುವವರು ಕೊನೆಯ ಪಕ್ಷ ಒಬ್ಬ ಗೆಳತಿಗಾದರೂ ಈ ವಿಷಯ ತಿಳಿಸಿರುವುದು ಕ್ಷೇಮ. ಒಮ್ಮೆ ಈ ಕಾಯಿಲೆ ಬಂದು ಗುಣವಾದವರು ಮತ್ತೆ ಟ್ಯಾಂಪೂನ್ ಬಳಸಬಾರದು.

ಎಂಟು ಗಂಟೆಯ ಲೆಕ್ಕವನ್ನು ನಿತ್ಯಜೀವನಕ್ಕೆ ಹೊಂದಿಸಿಕೊಳ್ಳುವುದು ಹೇಗೆ? ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಐದೂವರೆಗೆ ಏಳುವವರು ಮಲಗುವ ಮುನ್ನ ಹೊಸದನ್ನು ಹಾಕಿಕೊಂಡು ಎದ್ದೊಡನೆ ತೆಗೆಯಬಹುದು. ಭಾನುವಾರ ಎಂಟರವರೆಗೆ ನಿದ್ರಿಸುವವರಿಗೆ ಪ್ಯಾಡೇ ಸರಿ. ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸಿನಲ್ಲಿ ಹೊರಟವರು ಎಂಟು ಗಂಟೆಗಳಲ್ಲಿ ಊರು ಮುಟ್ಟುವುದಿಲ್ಲ. ಬಸ್ಸು ನಿಲ್ಲುವ ಕಡೆ ಸೋಪು, ನೀರು, ಚಿಲಕವಿರುವ ಶೌಚಾಲಯ ಸಿಗುವ ಭರವಸೆಯೂ ಇಲ್ಲ. ಇಂಥ ಪ್ರಯಾಣಗಳಲ್ಲಿ ಟ್ಯಾಂಪೂನ್ ಬೇಡ. ಈಜಿದ ನಂತರ ಮಾತ್ರ ಗಂಟೆ ನೋಡದೆ ಬದಲಾಯಿಸಬೇಕು, ದಾರ ಕೊಳದ ನೀರನ್ನು ಹೀರಿರುತ್ತದೆ. ಸ್ರಾವ ತೀರಾ ಕಡಿಮೆಯಾದ ದಿನಗಳಲ್ಲಿ ಪ್ಯಾಡಿಗೆ ಮರಳುವುದು ಉತ್ತಮ. ಬಿಳಿಸೆರಗಿಗಾಗಿ ಟ್ಯಾಂಪೂನ್ ಬಳಸಲೇಬಾರದು.

ಯಾರು ಬಳಸಬಾರದು?

ಹೆರಿಗೆಯಾದ ಮೊದಲ ಆರು ವಾರಗಳ ರಕ್ತಸ್ರಾವಕ್ಕೆ ಟ್ಯಾಂಪೂನ್ ಬಳಸಕೂಡದು. ಗರ್ಭಪಾತ ಅಥವಾ ಯೋನಿ, ಗರ್ಭಕೋಶಗಳ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಒಪ್ಪಿಗೆ ನೀಡುವವರೆಗೆ ಕಾಯಬೇಕು. ಯೋನಿಯಲ್ಲಿ ಸೋಂಕು ಇರುವಾಗ, ಅದಕ್ಕಾಗಿ ಒಳಗಿಡುವ ಮಾತ್ರೆ ಅಥವಾ ಮುಲಾಮು ಬಳಸುತ್ತಿರುವಾಗ ಟ್ಯಾಂಪೂನ್ ಆ ಔಷಧಿಯನ್ನೇ ಹೀರಿಬಿಡುತ್ತದೆ. ಕಾಪರ್ ಟಿ ಹಾಕಿಸಿಕೊಂಡವರು ಅದರ ದಾರಕ್ಕೂ ಟ್ಯಾಂಪೂನಿನ ದಾರಕ್ಕೂ ಇರುವ ವ್ಯತ್ಯಾಸವನ್ನು ವೈದ್ಯರಿಂದ ಕೇಳಿ ತಿಳಿದುಕೊಂಡಿರಬೇಕು.

ಟ್ಯಾಂಪೂನುಗಳಲ್ಲಿ ಸೀಸ, ಆರ್ಸೆನಿಕ್ ಮೊದಲಾದ ಲೋಹಗಳ ಅಂಶವಿದೆ ಎಂಬ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದುದನ್ನು ಅನೇಕರು ಓದಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿಯ ಸಂಶೋಧಕರು 30 ಟ್ಯಾಂಪೂನುಗಳನ್ನು ಪರೀಕ್ಷಿಸಿ ಈ ಅಂಶವನ್ನು ವರದಿ ಮಾಡಿದ್ದು ನಿಜ. ಆ ಲೋಹಗಳು ಟ್ಯಾಂಪೂನಿನಿಂದ ದೇಹದೊಳಕ್ಕೆ ಸೇರುತ್ತವೆಯೇ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ. ಈ ಕಾರಣದಿಂದ ಸಂಶಯವಿರುವವರು ಪ್ಯಾಡು, ಬಟ್ಟೆ ಅಥವಾ ಮುಟ್ಟಿನ ಕಪ್ಪನ್ನು ಆಯ್ದುಕೊಳ್ಳಬಹುದು.

ವಿಲೇವಾರಿ

ಬಳಸಿದ ಟ್ಯಾಂಪೂನನ್ನು ಶೌಚಾಲಯದ ಗುಂಡಿಗೆ ಹಾಕಿ ನೀರು ಬಿಡಬಾರದು. ಹೀರಿ ಹಿಗ್ಗುವುದೇ ಅದರ ಗುಣವಾದ್ದರಿಂದ ಕೊಳವೆಯಲ್ಲಿ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಗುಂಡಿ ಶೌಚಾಲಯ ಬೇಗ ತುಂಬಲು ಇಂಥ ವಸ್ತುಗಳೂ ಕಾರಣ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಗುರುತು ಮಾಡಿ, ಹಸಿ ಕಸ ಹಾಗೂ ಒಣ ಕಸಗಳೆರಡಕ್ಕೂ ಸೇರಿಸದೆ ಪ್ರತ್ಯೇಕವಾಗಿ ಕಸದ ವಾಹನಕ್ಕೆ ನೀಡತಕ್ಕದ್ದು. ಪ್ಲಾಸ್ಟಿಕ್ ಕೊಳವೆಯನ್ನೂ ಇದರೊಂದಿಗೇ ಸುತ್ತಬೇಕು. ಕಸವನ್ನು ಕೈಯಾರೆ ಬಿಡಿಸುವ ಪೌರಕಾರ್ಮಿಕರಲ್ಲಿ ಮಹಿಳೆಯರೇ ಬಹಳ ಮಂದಿ. ಸುತ್ತದೆ ಎಸೆದದ್ದು ಅವರ ಕೈಗೆ ಬರುತ್ತದೆ.